ಸುಣ್ಣದ ಕಲ್ಲಿನ ಸೀಮೆಯಲ್ಲಿ ಕಾಲುದಾರಿ ಹಿಡಿದು

ಇಂಗ್ಲೆಂಡಿಗೆ ಹೋಗಿ ಬಂದವರನ್ನು ನಮ್ಮ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಟವರ್ ಬ್ರಿಜ್ ನೋಡಿದಿರಾ? ಮೇಣದ ಗೊಂಬೆಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರಾ? 2015ರಲ್ಲಿ ಥೇಮ್ಸ್ ದಂಡೆಯಲ್ಲಿ ಸ್ಥಾಪನೆಯಾದ ನಮ್ಮ ಬಸವಣ್ಣನವರ ಪ್ರತಿಮೆಗೆ ಕೈ ಮುಗಿದಿರಾ? ಇವೆಲ್ಲವೂ ಆದವು. ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮ ಸಂಘದಲ್ಲೇ ಬಹಳ ಜನ ಇದ್ದಾರೆ. ನಾನು ಬರೆಯಹೊರಟಿರುವುದು ಯಾರದೋ ಹೊಲದಲ್ಲಿ, ಯಾರದೋ ಕುರಿಗಳ ನಡುವೆ, ಯಾರ ಅಪ್ಪಣೆಯನ್ನೂ ಕೇಳದೆ ನಡೆದು ಬಂದ ಸಂಗತಿ.

ನಮ್ಮ ಮಗಳು, ಅಳಿಯ ಇರುವುದು ಉತ್ತರ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ. ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಸ್ಕಿಪ್ಟನ್ ಎಂಬ ಊರು. ಆ ಹೆಸರಿಗೆ ಕುರಿಗಳ ಊರು ಎಂದೇ ಅರ್ಥವಂತೆ. ಅದರಾಚೆಗೆ ಯಾರ್ಕ್‌ಷೈರ್ ಡೇಲ್ಸ್ ಎಂಬ ಬೆಟ್ಟ ಕಣಿವೆಗಳ ಸೀಮೆ ಶುರುವಾಗುತ್ತದೆ. 1954ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ರಾಷ್ಟ್ರೀಯ ಉದ್ಯಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಂಡೀಪುರ, ನಾಗರಹೊಳೆ. ಆನೆ, ಹುಲಿ, ಸಫಾರಿ ಜೀಪು, ರಾತ್ರಿ ಮುಚ್ಚುವ ಗೇಟು. ಇಲ್ಲಿಯದು ಅಂಥದ್ದಲ್ಲ. ಹಳ್ಳಿ, ಶಾಲೆ, ಚರ್ಚು, ಹೋಟೆಲು, ದನದ ಕೊಟ್ಟಿಗೆ ಎಲ್ಲವೂ ಉದ್ಯಾನದೊಳಗೇ ಇವೆ. ಜಮೀನು ಬಹುಪಾಲು ಖಾಸಗಿಯವರದು. ಜನ ಅಲ್ಲೇ ಬೇಸಾಯ ಮಾಡಿಕೊಂಡು, ಕುರಿ ಸಾಕಿಕೊಂಡು ಇದ್ದಾರೆ.

ಈ ಸೀಮೆಯ ದಕ್ಷಿಣ ಭಾಗವೆಲ್ಲ ಸುಣ್ಣದ ಕಲ್ಲು. ಸುಮಾರು 33 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ಹತ್ತಿರ ಬೆಚ್ಚನೆಯ, ಆಳವಿಲ್ಲದ ಸಮುದ್ರದ ತಳವಾಗಿತ್ತು ಎನ್ನುತ್ತಾರೆ ಭೂವಿಜ್ಞಾನಿಗಳು. ಆ ಸಮುದ್ರದ ಜೀವಿಗಳ ಚಿಪ್ಪು, ಕವಚಗಳು ಪದರ ಪದರವಾಗಿ ಕೂತು ಕಲ್ಲಾದವು. ನಮ್ಮ ಕರಾವಳಿಯಲ್ಲಿ ಹಿಂದೆ ಚಿಪ್ಪು ಸುಟ್ಟು ವೀಳ್ಯದೆಲೆಗೆ ಹಚ್ಚುವ ಸುಣ್ಣ ಮಾಡುತ್ತಿದ್ದರಲ್ಲ, ಆ ಜಾತಿಯ ಚಿಪ್ಪುಗಳೇ ಇಲ್ಲಿ ಬೆಟ್ಟವಾಗಿ ನಿಂತಿವೆ ಎಂದುಕೊಳ್ಳಿ. ಈ ಕಲ್ಲಿಗೆ ಒಂದು ಗುಣವಿದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿಗೆ ಈ ಕಲ್ಲು ನಿಧಾನವಾಗಿ ಕರಗುತ್ತದೆ. ಹೀಗಾಗಿ ನೀರು ಮೇಲೆ ಹರಿಯುವುದಕ್ಕಿಂತ ಬಿರುಕುಗಳಲ್ಲಿ ಇಳಿದು ಒಳಗೊಳಗೇ ಹರಿಯುವುದು ಹೆಚ್ಚು. ಬೆಟ್ಟದ ಹೊಟ್ಟೆಯೆಲ್ಲ ಗವಿ, ಸುರಂಗ. ಇಂಗಲ್‌ಬರೋ ಎಂಬ 723 ಮೀಟರ್ ಎತ್ತರದ ಬೆಟ್ಟದ ಮಗ್ಗುಲಲ್ಲಿ ಗೇಪಿಂಗ್ ಗಿಲ್ ಎಂಬ ಕಂದಕವಿದೆ. ಸುಮಾರು 100 ಮೀಟರ್ ನೇರ ಆಳ. 1895ರಲ್ಲಿ ಫ್ರಾನ್ಸಿನ ಮಾರ್ತೆಲ್ ಎಂಬಾತ ಹಗ್ಗದ ಏಣಿ ಹಿಡಿದು ಮೊದಲು ತಳ ಮುಟ್ಟಿದನಂತೆ. ಈಗ ವರ್ಷಕ್ಕೆರಡು ಸಲ ಗವಿಪ್ರಿಯರ ಸಂಘದವರು ಕುರ್ಚಿಗೆ ಕೂರಿಸಿ ರಾಟೆಯಿಂದ ಇಳಿಸುತ್ತಾರೆ. ನಾನು ಹೋಗಲಿಲ್ಲ, ಹೋಗುವವಳೂ ಅಲ್ಲ.

ಸುಣ್ಣದ ಕಲ್ಲಿನ ಇಂಥ ಚಮತ್ಕಾರ ನಮ್ಮಲ್ಲೂ ಇದೆ. ಕುಮಟಾ ತಾಲೂಕಿನ ಯಾಣ. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಭಸ್ಮಾಸುರ ಸುಟ್ಟು ಹೋದ ಜಾಗವಾದ್ದರಿಂದ ಕಲ್ಲು ಕಪ್ಪು ಎಂದು ನಮ್ಮ ಕಡೆಯವರ ನಂಬಿಕೆ. ನಾನು ಉತ್ತರ ಕನ್ನಡದವಳು. ಸೊಕ್ಕಿದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಎಂಬ ಗಾದೆ ಕೇಳಿಯೇ ಬೆಳೆದವಳು. ರಸ್ತೆಯಿಲ್ಲದ ಕಾಲದಲ್ಲಿ ಅಷ್ಟು ದೂರ ಕಾಡಿನಲ್ಲಿ ನಡೆಯಲು ಮೈಯಲ್ಲಿ ಸೊಕ್ಕೇ ಬೇಕಿತ್ತು. ಶಿವರಾತ್ರಿಯ ಜಾತ್ರೆಗೆ ಅಪ್ಪನ ಜೊತೆ ನಡೆದು ಹೋಗಿ ಬಂದಾಗ ನನಗೆ ಹತ್ತೋ ಹನ್ನೊಂದೋ ವರ್ಷ. ಆಮೇಲೆ ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ನಡಿಗೆಯೆಂದರೆ ಸ್ಟೇಷನ್ನಿಗೆ, ತರಕಾರಿಗೆ, ಈಚೆಗೆ ಡಾಕ್ಟರ ಅಪ್ಪಣೆಯಂತೆ ಕಟ್ಟಡದ ಕಾಂಪೌಂಡಿನಲ್ಲಿ ಇಪ್ಪತ್ತು ಸುತ್ತು. ಐವತ್ತಾರನೆಯ ವಯಸ್ಸಿನಲ್ಲಿ ಮಗಳು, “ಅಮ್ಮಾ, ಭಾನುವಾರ ಎಂಟು ಕಿಲೋಮೀಟರ್ ನಡೀಬೇಕು, ನನ್ನ ಬೂಟು ನಿಂಗೆ ಆಗ್ತದೆ” ಎಂದಾಗ ಮೊದಲು ಕೇಳಿದ್ದು, “ಎಲ್ಲಿಗೆ?” ಎಂದೇ. “ಎಲ್ಲಿಗೂ ಅಲ್ಲ. ಸುಮ್ಮನೆ ನಡೀಲಿಕ್ಕೆ.”

ಸುಮ್ಮನೆ ನಡೆಯುವುದು. ದೇವಸ್ಥಾನವಿಲ್ಲ, ಹರಕೆಯಿಲ್ಲ, ನೆಂಟರ ಮನೆಯಿಲ್ಲ. ಇದು ಆ ಜನರ ದೊಡ್ಡ ಹವ್ಯಾಸ. ಶನಿವಾರ, ಭಾನುವಾರ ಬಂತೆಂದರೆ ಬೆನ್ನಿಗೊಂದು ಚೀಲ, ಕೈಗೊಂದು ಕೋಲು, ಕುತ್ತಿಗೆಗೆ ನೇತುಹಾಕಿದ ನಕಾಶೆ. ಎಪ್ಪತ್ತು ದಾಟಿದ ಅಜ್ಜಿಯರೂ ಇರುತ್ತಾರೆ. ನನಗಿಂತ ಚುರುಕಾಗಿಯೇ ಇರುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ನಕಾಶೆಯ ಬಗ್ಗೆ ಸ್ವಲ್ಪ ಹೇಳಬೇಕು. ಆರ್ಡ್ನೆನ್ಸ್ ಸರ್ವೆ ಎಂಬ ಸರ್ಕಾರಿ ಸಂಸ್ಥೆಯ ನಕಾಶೆ ಅದು. ನೆಲದ ಒಂದು ಕಿಲೋಮೀಟರ್ ಕಾಗದದ ಮೇಲೆ ನಾಲ್ಕು ಸೆಂಟಿಮೀಟರ್. ಪ್ರತಿ ಗೋಡೆ, ಪ್ರತಿ ಕೊಟ್ಟಿಗೆ, ಪ್ರತಿ ಬುಗ್ಗೆ ಅದರಲ್ಲಿದೆ. (ನಮ್ಮ ಮೈಸೂರು ಸೀಮೆಯ ಸರ್ವೆ ಮಾಡಿದ, ಭಾರತದ ಮಹಾ ತ್ರಿಕೋನಮಾಪನವನ್ನು ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ ಕೂಡ ಯಾರ್ಕ್‌ಷೈರಿನವನೇ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇದ್ದವನು, ಮರುವರ್ಷ ಬೆಂಗಳೂರಿನ ಬಳಿ ನೆಲ ಅಳೆಯಲು ಹೊರಟ. 1823ರಲ್ಲಿ ಮಹಾರಾಷ್ಟ್ರದ ಹಿಂಗಣಘಾಟದಲ್ಲಿ ತೀರಿಕೊಂಡ. ಅವನ ಸಮಾಧಿ ಅಲ್ಲಿಯೇ ಇದೆ.) ಆ ನಕಾಶೆಯಲ್ಲಿ ಹಸಿರು ಬಣ್ಣದ ತುಂಡು ತುಂಡು ಗೆರೆಗಳಿವೆ. ಹೊಲಗಳ ನಡುವೆ, ಮನೆಗಳ ಹಿತ್ತಲಲ್ಲಿ, ಹೊಳೆಯ ದಂಡೆಯಲ್ಲಿ ಇರುವೆಯ ಸಾಲಿನಂತೆ ಹೋಗುತ್ತವೆ. ಅವೇ ಸಾರ್ವಜನಿಕ ಕಾಲುದಾರಿಗಳು. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಸುಮಾರು 2,25,000 ಕಿಲೋಮೀಟರ್ ಉದ್ದದ ಇಂಥ ದಾರಿಗಳಿವೆಯಂತೆ.

ನೆಲ ಖಾಸಗಿಯವರದು, ದಾರಿ ಮಾತ್ರ ಎಲ್ಲರದು. ಇದು ಅರ್ಥವಾಗಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಒಡೆಯ ಬದಲಾಗಬಹುದು, ಜಮೀನು ಪಾಲಾಗಬಹುದು. ದಾರಿ ಒಮ್ಮೆ ದಾರಿಯಾದರೆ ಕಾನೂನಿನ ಮೂಲಕ ರದ್ದಾಗುವವರೆಗೆ ದಾರಿಯೇ. ರೈತ ಹೊಲ ಉತ್ತರೆ ಹೊಲದ ನಡುವಿನ ದಾರಿಯನ್ನು ಹದಿನಾಲ್ಕು ದಿನಗಳೊಳಗೆ ಮತ್ತೆ ನಡೆಯುವಂತೆ ಮಾಡಿಕೊಡಬೇಕು. ಹಾಲಿನ ತಳಿಯ, ಹತ್ತು ತಿಂಗಳು ಮೀರಿದ ಹೋರಿಯನ್ನು ಕಾಲುದಾರಿಯಿರುವ ಹೊಲದಲ್ಲಿ ಬಿಡುವಂತಿಲ್ಲ. ಬೇರೆ ತಳಿಯ ಹೋರಿಯಾದರೆ ಬಿಡಬಹುದು, ಆದರೆ ಜೊತೆಯಲ್ಲಿ ಹಸುಗಳಿರಬೇಕು! ಹಸುಗಳ ಸಂಗದಲ್ಲಿ ಹೋರಿ ಸಮಾಧಾನವಾಗಿರುತ್ತದೆ ಎಂದು ಪಾರ್ಲಿಮೆಂಟು ತೀರ್ಮಾನಿಸಿರಬೇಕು. “ಹೋರಿಗೆ ಆ ಕಾಯಿದೆ ಓದಿಸಿದ್ದಾರೋ ಇಲ್ಲವೋ” ಎಂದು ನಮ್ಮವರ ಚಿಂತೆ.

ನಾವು ಮೊದಲು ನಡೆದದ್ದು ಮ್ಯಾಲಂ ಎಂಬ ಪುಟ್ಟ ಹಳ್ಳಿಯಿಂದ. ಮೇ ತಿಂಗಳ ಮೊದಲ ವಾರ. ಬಿಸಿಲಿತ್ತು, ಆದರೂ ಸ್ವೆಟರ್ ಬಿಡುವಂತಿರಲಿಲ್ಲ. ಹಳ್ಳಿ ದಾಟಿದೊಡನೆ ಕಲ್ಲಿನ ಗೋಡೆಗಳು. ನಮ್ಮ ಕಡೆಯ ಕಲ್ಲಿನ ಪಾಗಾರದಂತೆಯೇ, ಗಾರೆ ಸಿಮೆಂಟು ಏನೂ ಇಲ್ಲ. ಎರಡು ಬದಿಗೆ ಎರಡು ಮುಖ, ನಡುವೆ ಚೂರುಗಲ್ಲು, ಅಲ್ಲಲ್ಲಿ ಎರಡೂ ಮುಖವನ್ನು ಹಿಡಿದಿಡುವ ಉದ್ದನೆಯ ಕಲ್ಲು, ತಲೆಯ ಮೇಲೆ ಸಾಲಾಗಿ ನಿಲ್ಲಿಸಿದ ಚಪ್ಪಟೆ ಕಲ್ಲು. ಬೆಟ್ಟದ ನೆತ್ತಿಯವರೆಗೂ ಗೆರೆ ಎಳೆದಂತೆ ಹೋಗುತ್ತವೆ. ಉದ್ಯಾನದೊಳಗೆ ಇಂಥ ಗೋಡೆ ಸುಮಾರು 8,000 ಕಿಲೋಮೀಟರ್ ಇದೆಯೆಂದರೆ ನಂಬುವುದು ಕಷ್ಟ. ನೋಡಲು ಬಹಳ ಚೆಂದ. ಆದರೆ ಇವುಗಳಲ್ಲಿ ಬಹಳಷ್ಟು ಎದ್ದದ್ದು 18 ಮತ್ತು 19ನೆಯ ಶತಮಾನಗಳಲ್ಲಿ, ಊರೊಟ್ಟಿನ ಹುಲ್ಲುಗಾವಲುಗಳನ್ನು ಪಾರ್ಲಿಮೆಂಟಿನ ಕಾಯಿದೆಗಳ ಮೂಲಕ ಖಾಸಗಿ ಒಡೆಯರಿಗೆ ಹಂಚಿದಾಗ. ಅಂದು ಒಂದು ದನ, ನಾಲ್ಕು ಕುರಿ ಮೇಯಿಸಿಕೊಂಡಿದ್ದ ಬಡವ ಗೋಡೆಯ ಹೊರಗುಳಿದ. ಉಳಿದದ್ದು ಗೋಡೆಗಳ ನಡುವೆ ನುಸುಳುವ ಈ ಹಳೆಯ ದಾರಿಗಳು.

ದಾರಿ ಗೋಡೆಯನ್ನು ದಾಟುವಲ್ಲಿ ‘ಸ್ಟೈಲ್’ ಇರುತ್ತದೆ. ನಮ್ಮ ಸಿನಿಮಾ ಸ್ಟೈಲ್ ಅಲ್ಲ! ನಮ್ಮ ಮಲೆನಾಡು, ಕರಾವಳಿಯವರಿಗೆ ವಿವರಿಸುವುದೇ ಬೇಡ. ದಣಪೆ, ಉಣಗೋಲು, ತಡಮೆ ಎಂದು ಊರಿಗೊಂದು ಹೆಸರಿನಿಂದ ಕರೆಯುವ ನಮ್ಮ ಬೇಲಿದಾಟುಗಳ ನೆಂಟನೇ. ಜನ ದಾಟಬಹುದು, ದನ ದಾಟಲಾರದು. ಕೆಲವು ಕಡೆ ಮರದ ಏಣಿ, ಕೆಲವು ಕಡೆ ಗೋಡೆಯಿಂದ ಚಾಚಿದ ಕಲ್ಲಿನ ಮೆಟ್ಟಿಲು. ಇನ್ನು ಕೆಲವು ಕಡೆ ಎರಡು ಕಲ್ಲುಕಂಬಗಳ ನಡುವೆ ಮೊಣಕಾಲಷ್ಟೇ ಅಗಲದ ಸಂದು. ಸಣ್ಣಗಿರುವವರು ಸಲೀಸಾಗಿ ಹೋಗುತ್ತಾರೆ. ಉಳಿದವರು ಉಸಿರು ಬಿಗಿಹಿಡಿದು, ಅಡ್ಡ ತಿರುಗಿ ದಾಟಬೇಕು. ಹೆಚ್ಚಿಗೆ ಹೇಳುವುದಿಲ್ಲ.

ಮೊದಲು ಸಿಕ್ಕಿದ್ದು ಜಾನೆಟ್ಸ್ ಫಾಸ್ ಎಂಬ ಸಣ್ಣ ಜಲಪಾತ. ಜಾನೆಟ್ ಎಂಬ ಯಕ್ಷಿಣಿಯರ ರಾಣಿ ಅದರ ಹಿಂದಿನ ಗವಿಯಲ್ಲಿ ಇದ್ದಾಳೆಂದು ಪ್ರತೀತಿ. ನೀರಿನಲ್ಲಿ ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂತು ಜಲಪಾತಕ್ಕೇ ಪಾಚಿ ಹೊದ್ದ ತೆರೆ ಕಟ್ಟಿದಂತಿದೆ. ಕೆಳಗಿನ ಮಡುವಿನಲ್ಲಿ ಹಿಂದೆ ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ತೊಳೆಯುತ್ತಿದ್ದರಂತೆ. ಅಲ್ಲಿಗೆ ಹೋಗುವ ತೋಪಿನಲ್ಲಿ ಕಾಲಿಟ್ಟೊಡನೆ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿದ ವಾಸನೆ! ನೋಡಿದರೆ ನೆಲದ ತುಂಬ ಬಿಳಿ ಹೂ ಬಿಟ್ಟ ಕಾಡುಬೆಳ್ಳುಳ್ಳಿ. ಎಲೆಯನ್ನು ಚಟ್ನಿಗೆ ಹಾಕಬಹುದೆಂದು ನನ್ನ ಲೆಕ್ಕಾಚಾರ ನಡೆದಿತ್ತು. ಮಗಳು ಕಣ್ಣಿನಲ್ಲೇ ಬೇಡ ಎಂದಳು.

ಮುಂದೆ ಗೋರ್ಡೇಲ್ ಸ್ಕಾರ್. ಹುಲ್ಲಿನ ಬಯಲಿನಲ್ಲಿ ಹೋಗುತ್ತಿದ್ದಂತೆ ಎರಡೂ ಕಡೆಯ ಬಂಡೆ ಮೇಲೆದ್ದು, ಒಳಕ್ಕೆ ಬಾಗಿ, ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಆಕಾಶವನ್ನು ಕಿರಿದು ಮಾಡಿಬಿಡುತ್ತವೆ. ಬಂಡೆಗಳ ಎತ್ತರ ನೂರು ಮೀಟರ್. ನಡುವೆ ಎರಡು ಹಂತವಾಗಿ ಧುಮುಕುವ ನೀರು. ಯಾಣದ ಬಂಡೆಯ ಸಂದಿನಲ್ಲಿ ಅಪ್ಪನ ಕೈ ಹಿಡಿದು ನಿಂತಾಗ ಆದ ಭಯ ಇಲ್ಲಿಯೂ ಆಯಿತು. ನನಗೊಬ್ಬಳಿಗೇ ಅಲ್ಲ. ಬಿ.ಎ. ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ ಆ ಹಳ್ಳಿಯ ಸ್ಮಶಾನದ ಶೋಕಗೀತೆಯ ಕವಿ ಥಾಮಸ್ ಗ್ರೇ 1769ರಲ್ಲಿ ಇಲ್ಲಿಗೆ ಬಂದು, ನಡುಕದಿಂದಲೇ ಕಾಲು ಗಂಟೆ ನಿಂತು ಹೋದನಂತೆ. ವರ್ಡ್ಸ್‌ವರ್ತ್ ಇದರ ಮೇಲೆ ಒಂದು ಸಾನೆಟ್ ಬರೆದ. ಜೇಮ್ಸ್ ವಾರ್ಡ್ ಎಂಬ ಚಿತ್ರಕಾರ ಬಿಡಿಸಿದ ಗೋರ್ಡೇಲಿನ ಚಿತ್ರ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮೂರು ಮೀಟರಿಗೂ ಹೆಚ್ಚು ಎತ್ತರ, ನಾಲ್ಕು ಮೀಟರಿಗೂ ಹೆಚ್ಚು ಅಗಲ. ನಮ್ಮ ಡೊಂಬಿವಲಿಯ ಹಾಲಿನ ಗೋಡೆ ಅದಕ್ಕೆ ಸಾಲದು. ನಕಾಶೆಯ ಪ್ರಕಾರ ಕಾಲುದಾರಿ ಆ ಜಲಪಾತದ ಪಕ್ಕದ ಬಂಡೆಯನ್ನೇ ಹತ್ತಿ ಮೇಲಕ್ಕೆ ಹೋಗುತ್ತದೆ. ಹುಡುಗರು ಹತ್ತುತ್ತಿದ್ದರು. ನಾವು ಹಿಂದಿರುಗಿ, ಸೇತುವೆಯ ಬಳಿ ಹೊಲದ ದಾರಿ ಹಿಡಿದೆವು.

ಆ ದಾರಿ ಮುಟ್ಟುವುದು ಮ್ಯಾಲಂ ಕೋವ್‌ನ ನೆತ್ತಿಯನ್ನು. ಎಂಬತ್ತು ಮೀಟರ್ ಎತ್ತರದ, ಮುನ್ನೂರು ಮೀಟರ್ ಅಗಲದ, ಬಿಲ್ಲಿನಂತೆ ಬಾಗಿದ ಬಿಳಿಬಂಡೆ ಇದು. ಹಿಮಯುಗ ಮುಗಿಯುವ ಕಾಲಕ್ಕೆ, ಹನ್ನೆರಡು ಸಾವಿರ ವರ್ಷಗಳಿಗೂ ಹಿಂದೆ, ಕರಗಿದ ಹಿಮದ ಹೊಳೆ ಇದರ ಮೇಲಿಂದ ಜಲಪಾತವಾಗಿ ಬೀಳುತ್ತಿತ್ತು. ಆಮೇಲೆ ನೀರು ಒಳದಾರಿ ಹಿಡಿದು ಬಂಡೆ ಒಣಗಿತು. 2015ರ ಡಿಸೆಂಬರಿನಲ್ಲಿ ಡೆಸ್ಮಂಡ್ ಎಂಬ ಬಿರುಗಾಳಿಮಳೆ ಬಂದಾಗ ಸ್ವಲ್ಪ ಹೊತ್ತು ಮತ್ತೆ ಇಲ್ಲಿ ಜಲಪಾತ ಧುಮುಕಿತ್ತು. ಬದುಕಿರುವ ಯಾರೂ ಅದನ್ನು ಹಿಂದೆ ಕಂಡಿರಲಿಲ್ಲ. ಬಂಡೆಯ ಮೇಲೆ ಮೇಲಿಂದ ಕೆಳಗೆ ಇಳಿದ ಕಪ್ಪು ಗೆರೆಗಳಿವೆ. ಈ ಸೀಮೆಯಲ್ಲಿ ತಂಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ, ಚಿಮಣಿ ಗುಡಿಸುವ ಮಸಿಬಳಿದ ಹುಡುಗನೊಬ್ಬ ಜಾರಿದ ಗುರುತು ಅದು ಎಂದು ತಮಾಷೆ ಮಾಡಿದನಂತೆ. ಆ ಹುಡುಗನೇ 1863ರಲ್ಲಿ ಬಂದ ‘ವಾಟರ್ ಬೇಬೀಸ್’ ಪುಸ್ತಕದ ಟಾಮ್.

ನೆತ್ತಿಯ ಮೇಲಿರುವುದು ‘ಲೈಮ್‌ಸ್ಟೋನ್ ಪೇವ್‌ಮೆಂಟ್’. ದೈತ್ಯರು ಹಾಸುಗಲ್ಲು ಹಾಕಿ ಅರ್ಧಕ್ಕೆ ಬಿಟ್ಟು ಹೋದ ಅಂಗಳದಂತಿದೆ. ಗುಡ್ಡೆಗಲ್ಲಿಗೆ ಕ್ಲಿಂಟ್ ಎಂದೂ ನಡುವಿನ ಬಿರುಕಿಗೆ ಗ್ರೈಕ್ ಎಂದೂ ಹೆಸರು. ಬಗ್ಗಿ ಬಿರುಕಿನೊಳಗೆ ನೋಡಿದರೆ ಇನ್ನೊಂದೇ ಲೋಕ. ಮೇಲೆ ಗಾಳಿ, ಕುರಿಯ ಬಾಯಿ. ಒಳಗೆ ತಂಪು, ನೆರಳು, ಜಿಂಕೆಯ ನಾಲಿಗೆ ಎಂಬ ಅರ್ಥದ ಹೆಸರಿನ ಉದ್ದೆಲೆಯ ಜರಿಗಿಡ. ಹ್ಯಾರಿ ಪಾಟರ್ ಚಿತ್ರವೊಂದರಲ್ಲಿ, 2010ರದು, ಈ ಜಾಗ ಬಂದಿರುವುದರಿಂದ ಹುಡುಗರ ಗುಂಪು ಸದಾ ಇರುತ್ತದೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಇಂಥ ಹಾಸುಗಲ್ಲನ್ನು ಎಬ್ಬಿಸಿ ಮನೆಗಳ ಮುಂದಿನ ಕೈತೋಟದ ಅಲಂಕಾರಕ್ಕೆಂದು ಮಾರಿಬಿಟ್ಟರು. 1981ರ ಕಾಯಿದೆ ಬಂದ ಮೇಲೆ ಇವುಗಳಿಗೆ ರಕ್ಷಣೆ ಸಿಕ್ಕಿತು. ಅಷ್ಟರಲ್ಲಿ ಬಹಳ ಹೋಗಿತ್ತು.

ಕಲ್ಲಿನ ಮೇಲೆ ಕೂತು ಬಟಾಟೆ ಪಲ್ಯ ಸುತ್ತಿದ ಚಪಾತಿ ತಿಂದೆವು. ಪಕ್ಕದಲ್ಲೇ ಒಂದು ಕಂಬ. ಅದರ ಮೇಲೆ ಓಕ್ ಕಾಯಿಯ ಚಿತ್ರ. ಪೆನ್ನೈನ್ ವೇ ಎಂಬ ದೂರದಾರಿಯ ಗುರುತು ಅದು. ಈಡೇಲ್ ಎಂಬ ಹಳ್ಳಿಯಿಂದ ಸ್ಕಾಟ್ಲೆಂಡಿನ ಗಡಿಯವರೆಗೆ 268 ಮೈಲಿ. ಟಾಮ್ ಸ್ಟೀಫನ್‌ಸನ್ ಎಂಬ ಪತ್ರಕರ್ತ 1935ರಲ್ಲಿ ಒಂದು ಲೇಖನ ಬರೆದು, ಇಂಥದ್ದೊಂದು ಹಸಿರು ದಾರಿ ನಮಗೆ ಬೇಕು ಎಂದು ಕೇಳಿದ. ಅದು ಆಗಲು ಮೂವತ್ತು ವರ್ಷ ಹಿಡಿಯಿತು. 1965ರ ಏಪ್ರಿಲ್ 24ರಂದು ಉದ್ಘಾಟನೆ ನಡೆದದ್ದು ಇದೇ ಮ್ಯಾಲಂ ಬಯಲಿನಲ್ಲಿ.

ಏಪ್ರಿಲ್ 24 ಎಂಬ ದಿನಕ್ಕೆ ಇನ್ನೊಂದು ಕಥೆಯಿದೆ. ಅದು ನಡೆದದ್ದು ದಕ್ಷಿಣಕ್ಕಿರುವ ಕಿಂಡರ್ ಸ್ಕೌಟ್ ಎಂಬ ಬೆಟ್ಟದಲ್ಲಿ. ಅಲ್ಲಿಯದು ಸುಣ್ಣದ ಕಲ್ಲಲ್ಲ, ಮರಳುಗಲ್ಲು. 1932ರಲ್ಲಿ ಆ ಬೆಟ್ಟ ಡ್ಯೂಕ್ ಆಫ್ ಡೆವನ್‌ಷೈರರ ಬೇಟೆಯ ಬಯಲು. ವರ್ಷಕ್ಕೆ ಕೆಲವು ದಿನ ಹಕ್ಕಿ ಹೊಡೆಯುವುದಕ್ಕಾಗಿ ವರ್ಷವಿಡೀ ಕಾವಲುಗಾರರು. ಸುತ್ತಲಿನ ಮ್ಯಾಂಚೆಸ್ಟರ್, ಷೆಫೀಲ್ಡ್‌ಗಳಲ್ಲಿ ವಾರವಿಡೀ ಗಿರಣಿ, ಕಾರ್ಖಾನೆಗಳ ಹೊಗೆ ಕುಡಿದ ಕೂಲಿಯವರಿಗೆ ಭಾನುವಾರ ಬೆಟ್ಟ ಕಾಣುತ್ತದೆ, ಹತ್ತುವಂತಿಲ್ಲ. ಆ ದಿನ ಸುಮಾರು ನಾನೂರು ಮಂದಿ ಬೇಕೆಂದೇ ಹತ್ತಿದರು. ಕಾವಲುಗಾರರೊಡನೆ ತಳ್ಳಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳವರೆಗೆ ಸೆರೆವಾಸ. ಮುಂದಾಳು ಬೆನ್ನಿ ರಾತ್‌ಮನ್‌ಗೆ ಇಪ್ಪತ್ತೇ ವರ್ಷ. ಅವನಿಗೆ ನಾಲ್ಕು ತಿಂಗಳು. ನಡೆದದ್ದಕ್ಕೆ ಜೈಲು! ನಮ್ಮಲ್ಲಿ ಉಪ್ಪು ಹೆಕ್ಕಿದ್ದಕ್ಕೆ ಜೈಲಿಗೆ ಹೋದವರ ನೆನಪಾಯಿತು. ಅದು ಎರಡೇ ವರ್ಷ ಮೊದಲು. ಶಿಕ್ಷೆಯ ಸುದ್ದಿ ಕೇಳಿ ಜನಾಭಿಪ್ರಾಯ ತಿರುಗಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ, ಕಾಲುದಾರಿಗಳ ಕಾಯಿದೆ ಬಂತು. 2000ದ ಕಾಯಿದೆಯಿಂದ ಬೆಟ್ಟಬಯಲುಗಳಲ್ಲಿ ದಾರಿ ಬಿಟ್ಟೂ ಅಲೆಯುವ ಹಕ್ಕು ಸಿಕ್ಕಿತು. ಅದೂ ಇಂಗ್ಲೆಂಡಿನ ನೆಲದಲ್ಲಿ ಶೇಕಡಾ ಎಂಟರಷ್ಟಕ್ಕೆ ಮಾತ್ರ, ಆದ್ದರಿಂದ ಜಗಳ ಮುಗಿದಿಲ್ಲ. 2002ರಲ್ಲಿ, ಎಪ್ಪತ್ತು ವರ್ಷ ತುಂಬಿದ ಸಮಾರಂಭದಲ್ಲಿ, ಅಂದಿನ ಡ್ಯೂಕ್ ತಮ್ಮ ಹಿರಿಯರು ಮಾಡಿದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡರು. ರಾತ್‌ಮನ್ ಅದೇ ವರ್ಷ ಜನವರಿಯಲ್ಲಿ ತೀರಿಕೊಂಡಿದ್ದ.

ಇನ್ನೊಂದು ದಿನ ಪಕ್ಕದ ಕಣಿವೆಯಲ್ಲಿ ನಡೆಯುವಾಗ ದಾರಿ ನೇರವಾಗಿ ಒಬ್ಬ ರೈತರ ಮನೆಯಂಗಳಕ್ಕೆ ಹೋಯಿತು. ನಾಯಿ ಬೊಗಳಿತು. ನಮ್ಮವರು, “ಹಿಂದೆ ಹೋಗೋಣ, ಯಾಕೆ ಸುಮ್ಮನೆ” ಎಂದು ನಿಂತೇಬಿಟ್ಟರು. ಬಟ್ಟೆ ಒಣಹಾಕುತ್ತಿದ್ದ ಹೆಂಗಸು, ನನ್ನ ವಯಸ್ಸಿನವರೇ ಇರಬೇಕು, ತಿರುಗಿ ನೋಡಿ, ದಾರಿ ಕೊಟ್ಟಿಗೆಯ ಹಿಂದಿನಿಂದ ಹೋಗುತ್ತದೆ, ಗೇಟು ಹಾಕಿಕೊಂಡು ಹೋಗಿ ಎಂದರು. ಮತ್ತೆ ಬಟ್ಟೆಯ ಕಡೆ ತಿರುಗಿದರು. ಅಷ್ಟೇ. ನಗಲೂ ಇಲ್ಲ, ಗದರಲೂ ಇಲ್ಲ. ಯಾರು, ಯಾವೂರು, ಯಾಕೆ ಬಂದಿರಿ ಎಂದು ಕೇಳಲಿಲ್ಲ. ಸಲ್ವಾರ್ ತೊಟ್ಟ, ಹಣೆಗೆ ಕುಂಕುಮ ಇಟ್ಟ, ಮಾತು ಬೇರೆಯಾದ ಹೆಂಗಸೊಬ್ಬಳು ತನ್ನ ಅಂಗಳದಲ್ಲಿ ನಡೆದು ಹೋಗುವುದು ಆಕೆಗೆ ಗಾಳಿ ಬೀಸಿದಷ್ಟೇ ಸಹಜವಾಗಿತ್ತು. ಮುಂಬಯಿಯಲ್ಲಿ ಪಕ್ಕದ ಸೊಸೈಟಿಯೊಳಗೆ ಕಾಲಿಟ್ಟರೆ ವಾಚ್‌ಮನ್ ಪುಸ್ತಕದಲ್ಲಿ ಹೆಸರು ಬರೆಯಬೇಕು.

ಅಂದು ರಾತ್ರಿ ಊರಿಗೆ ಅಣ್ಣನಿಗೆ ಫೋನು ಮಾಡಿದಾಗ ಈ ಮಾತೆಲ್ಲ ಹೇಳಿದೆ. ಕಾರಣವಿತ್ತು. ಘಟ್ಟದ ಕೆಳಗಿನ ನಮ್ಮ ಹಳ್ಳಿಯಲ್ಲಿ ತವರುಮನೆಯ ಹಿಂದಿನಿಂದ ಒಂದು ಕಾಲುದಾರಿ ಇತ್ತು. ತೋಟದ ಅಂಚು, ಹಳ್ಳದ ಸಂಕ, ಒಂದು ಗೇರುಗುಡ್ಡೆ ದಾಟಿದರೆ ದೊಡ್ಡಮ್ಮನ ಮನೆ. ಹದಿನೈದು ನಿಮಿಷ. ಅಮ್ಮ ಸಂಜೆ ಒಂದು ಗಿಂಡಿ ಮಜ್ಜಿಗೆ ಹಿಡಿದು ಹೋಗಿ, ಅಕ್ಕನ ಜೊತೆ ಕವಳ ಹಾಕಿ, ಕತ್ತಲೆಯೊಳಗೆ ಬರುತ್ತಿದ್ದರು. ನಾವು ಶಾಲೆಗೆ ಹೋದದ್ದೂ ಅದೇ ದಾರಿ. ಆಮೇಲೆ ಎಲ್ಲರ ಮನೆಗೂ ರಸ್ತೆ ಬಂತು, ಬೈಕು ಬಂತು. ಗುಡ್ಡೆಯನ್ನು ಬೇರೆ ಊರಿನವರೊಬ್ಬರು ಕೊಂಡು ತಂತಿಬೇಲಿ ಹಾಕಿ ಗೇಟಿಗೆ ಬೀಗ ಜಡಿದರು. ಅವರು ಕೆಟ್ಟವರೆಂದು ಹೇಳಲಾರೆ. ಯಾರೂ ಓಡಾಡದ ಜಾಗವನ್ನು ದಾರಿಯೆಂದು ಅವರಿಗೆ ಹೇಳುವವರಾದರೂ ಯಾರು? ಅಮ್ಮನಿಗೆ ಈಗ ಎಂಬತ್ತು, ದೊಡ್ಡಮ್ಮನಿಗೆ ಎಂಬತ್ತನಾಲ್ಕು. ರಸ್ತೆಯಲ್ಲಿ ಸುತ್ತಿ ಹೋಗಲು ಆರು ಕಿಲೋಮೀಟರ್, ರಿಕ್ಷಾ ಬೇಕು. ಎರಡು ವರ್ಷಗಳಿಂದ ಅಕ್ಕತಂಗಿಯರು ಮುಖ ನೋಡುವುದು ಮದುವೆ ಮುಂಜಿಗಳಲ್ಲಿ ಮಾತ್ರ.

ಇಂಗ್ಲೆಂಡಿನಲ್ಲಿ ಜನ ಇಪ್ಪತ್ತು ವರ್ಷ ತಡೆಯಿಲ್ಲದೆ ಓಡಾಡಿದ ಜಾಗವನ್ನು ಕಾಲುದಾರಿಯೆಂದು ಸಾಧಿಸಿಕೊಳ್ಳಬಹುದು. ನಕಾಶೆಗೆ ಸೇರದೆ ಉಳಿದ ಹಳೆಯ ದಾರಿಗಳನ್ನು ದಾಖಲಿಸಲು ಅಲ್ಲಿಯ ಕಾಯಿದೆ ಮೊದಲು 2026ರ ಗಡುವು ಇಟ್ಟಿತ್ತು. ನಡಿಗೆಪ್ರಿಯರು ನೂರಾರು ವರ್ಷ ಹಿಂದಿನ ಪಟಗಳನ್ನು ಹುಡುಕಿ ಹುಡುಕಿ ಅರ್ಜಿ ಹಾಕಿದರು. ಗಡುವು 2031ಕ್ಕೆ ಹೋಯಿತು, ಮುಂದೆ ಅದನ್ನೇ ತೆಗೆದುಹಾಕುವುದಾಗಿ 2024ರ ಡಿಸೆಂಬರಿನಲ್ಲಿ ಸರ್ಕಾರ ಪ್ರಕಟಿಸಿತು. ವಕೀಲರಾದ ನಮ್ಮ ಮೈದುನ ಹೇಳುವ ಪ್ರಕಾರ ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯಿದೆಯಲ್ಲೂ ಇಪ್ಪತ್ತು ವರ್ಷದ ಮಾತು ಇದೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕಿಗೆರೆಯಲ್ಲಿ ತೋರಿಸಿರುತ್ತಾರೆ. ‘ನಕಾಶೆ ಕಂಡ ದಾರಿ’ ಎಂಬ ಮಾತೇ ನಮ್ಮಲ್ಲಿ ಇದೆಯಲ್ಲ. ಅಣ್ಣ ನಕಲು ತೆಗೆಸಿದ್ದಾನೆ. ಚುಕ್ಕಿಗೆರೆ ಇದೆ, ಹಳ್ಳದ ತನಕ ಸ್ಪಷ್ಟವಾಗಿಯೇ ಇದೆ. “ನೀ ಹೇಳೂದೆಲ್ಲ ಸರಿ. ಆದ್ರೆ ಬೆಳಗಾದ್ರೆ ಅವರ ಮುಖ ನೋಡೂದು ನಾವು” ಎನ್ನುತ್ತಾನೆ. ಕೋರ್ಟಿಗೆ ಹೋಗುವುದು ಅವನಿಗೆ ಬೇಡ. ಬೀಗದ ಒಂದು ಕೈಯನ್ನಾದರೂ ಕೇಳೋಣ ಎಂದು ಅತ್ತಿಗೆ. ಉಪಕಾರವಾಗಿ ಕೇಳಿದರೆ ಹಕ್ಕು ಹೋಗುತ್ತದೆ ಎಂದು ಮೈದುನ. ಅಮ್ಮ ಮಾತ್ರ ಏನೂ ಹೇಳುವುದಿಲ್ಲ.

ಊರಿಗೆ ಹೊರಡುವ ಮೊದಲು ಮತ್ತೊಮ್ಮೆ ಮ್ಯಾಲಂಗೆ ಹೋದೆವು. ಈ ಸಲ ಮೇಲಿನ ಮ್ಯಾಲಂ ಟಾರ್ನ್ ಎಂಬ ಕೆರೆಯಿಂದ ಕೆಳಕ್ಕೆ. ಸುಣ್ಣದ ಕಲ್ಲಿನ ನಡುವೆ, 377 ಮೀಟರ್ ಎತ್ತರದಲ್ಲಿ ಕೆರೆ ನಿಂತಿರುವುದೇ ಸೋಜಿಗ. ಅಡಿಯಲ್ಲಿ ನೀರು ಇಳಿಯಗೊಡದ ಹಳೆಯ ಸ್ಲೇಟು ಕಲ್ಲು ಇದೆಯಂತೆ. ಕೆರೆಯಿಂದ ಹೊರಟ ತೊರೆ ಸ್ವಲ್ಪ ದೂರ ಹರಿದು, ನಮ್ಮ ಕಣ್ಣೆದುರೇ ಕಲ್ಲುಗಳ ನಡುವೆ ಇಂಗಿ ಮಾಯವಾಯಿತು. ಕೋವ್‌ನ ಬುಡದಲ್ಲಿ ಒಂದು ತೊರೆ ಹೊರಬರುತ್ತದಲ್ಲ, ಇದೇ ಅದು ಎಂದು ಯಾರಾದರೂ ಹೇಳಿಯಾರು. ಅಲ್ಲ! 19ನೆಯ ಶತಮಾನದಲ್ಲಿ ಕೆರೆಯ ತೂಬು ಎತ್ತಿ ಒಮ್ಮೆಲೇ ನೀರು ಬಿಟ್ಟು ಪರೀಕ್ಷಿಸಿದರು. ಮುಂದೆ ಬಣ್ಣ ಹಾಕಿಯೂ ನೋಡಿದರು. ಕೆರೆಯ ನೀರು ಹಳ್ಳಿಯನ್ನೂ ದಾಟಿ ಕೆಳಗಿನ ಏರ್‌ಹೆಡ್ ಬುಗ್ಗೆಗಳಲ್ಲಿ ಏಳುತ್ತದೆ; ಕೋವ್‌ನಲ್ಲಿ ಬರುವುದು ಪಶ್ಚಿಮದ ಇನ್ನೊಂದು ತೊರೆಯ ನೀರು. ನೆಲದೊಳಗೆ ಎರಡು ಹೊಳೆಗಳು ಒಂದನ್ನೊಂದು ಮುಟ್ಟದೆ ದಾಟಿ ಹೋಗುತ್ತವೆ. ನೀರಿಲ್ಲದ ಒಣಕಣಿವೆಯಲ್ಲಿ ನಾವು ನಡೆದೆವು. ಕಾಲಡಿಯ ಕಲ್ಲು ಸಾವಿರಾರು ಬೂಟುಗಳ ಸವೆತಕ್ಕೆ ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿತ್ತು. ಕೋವ್‌ನ ಪಕ್ಕದ ನಾನೂರು ಮೆಟ್ಟಿಲು ಇಳಿಯುವಾಗ ನನ್ನ ಬಲಮೊಣಕಾಲು ತನ್ನ ಅಭಿಪ್ರಾಯ ತಿಳಿಸಿತು. ಕೋಲು ಊರಿಕೊಂಡು ಇಳಿದೆ.

ಮಕ್ಕಳ ಬಳಿ ಹೋಗುವ ಸಂಘದ ಹಿರಿಯರಿಗೆ ಒಂದೆರಡು ಮಾತು. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹವೆ ಹಿತವಾಗಿರುತ್ತದೆ. ಆದರೂ ಮಳೆಯ ಕೋಟು ಚೀಲದಲ್ಲಿರಲಿ. ಸುಣ್ಣದ ಕಲ್ಲು ಒದ್ದೆಯಾದರೆ ಎಣ್ಣೆ ಸವರಿದಂತೆ. ಚಪ್ಪಲಿ, ಸಾದಾ ಬೂಟು ಬೇಡ, ಹಲ್ಲಿರುವ ಅಟ್ಟೆಯ ಬೂಟೇ ಬೇಕು. ಹಳದಿ ಬಾಣ ಕಾಲ್ನಡಿಗೆಯವರಿಗೆ, ನೀಲಿ ಬಾಣ ಕುದುರೆ ಸವಾರರಿಗೂ ಸೇರಿದ್ದು. ಗೇಟು ತೆರೆದಿದ್ದರೆ ತೆರೆದಂತೆಯೇ, ಮುಚ್ಚಿದ್ದರೆ ಮುಚ್ಚಿಯೇ ಬಿಡಬೇಕು. 2001ರಲ್ಲಿ ಕಾಲುಬಾಯಿ ರೋಗ ಬಂದು ಅರವತ್ತು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದಾಗ ಈ ದಾರಿಗಳೆಲ್ಲ ತಿಂಗಳುಗಟ್ಟಲೆ ಮುಚ್ಚಿದ್ದವು. ಆ ನೋವು ಅಲ್ಲಿಯ ರೈತರು ಮರೆತಿಲ್ಲ. ಮರಿ ಹಾಕಿದ ಕುರಿಗಳ ಹತ್ತಿರ ಫೋಟೋಕ್ಕೆಂದು ಹೋಗಬೇಡಿ. ಸ್ಕಿಪ್ಟನ್ನಿನಿಂದ ಮ್ಯಾಲಂಗೆ ಬಸ್ಸಿದೆ, ಆದರೆ ದಿನಕ್ಕೆ ಕೆಲವೇ. ಇಳಿಯುವಾಗಲೇ ಹಿಂದಿರುಗುವ ಬಸ್ಸಿನ ವೇಳೆಯನ್ನು ಡ್ರೈವರನ್ನು ಕೇಳಿ ಬರೆದಿಟ್ಟುಕೊಳ್ಳಿ.